ಡಿಬೇಟ್ ನೋಡಿದೆ, ಆಮೇಲೆ ಓದಿದೆ: ಕೇಳಿದ ಪ್ರಶ್ನೆ ಎಲ್ಲಿ ಹೋಯಿತು?

ಸಾಗರದಾಕೆ, ಎಕ್ಸ್‌ಟನ್, ಪೆನ್ಸಿಲ್ವೇನಿಯಾ · ಸೆಪ್ಟೆಂಬರ್ 11, 2024

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಹ್ಯಾರಿಸ್ ಮತ್ತು ಟ್ರಂಪ್ ಡಿಬೇಟ್ ನೋಡಿ ಮಲಗುವಾಗ ಹನ್ನೆರಡಾಗಿತ್ತು. ಮಲಗಿದರೂ ನಿದ್ದೆ ಹತ್ತಲಿಲ್ಲ. ಕೆಲಸಕ್ಕೆ ಹೊರಡುವ ಮೊದಲು ಮನಸ್ಸಿನಲ್ಲಿದ್ದದ್ದನ್ನು ಇಲ್ಲಿ ಬರೆದುಬಿಡುತ್ತೇನೆ.

ನಾನು 2021ರಲ್ಲಿ ಇಲ್ಲಿಯ ಪೌರತ್ವ ತೆಗೆದುಕೊಂಡೆ. ಅಧ್ಯಕ್ಷರ ಚುನಾವಣೆಯಲ್ಲಿ ಇದು ನನ್ನ ಮೊದಲ ವೋಟು. ಯಾವ ಪಕ್ಷಕ್ಕೂ ಹೆಸರು ಬರೆಸಿಲ್ಲ. ನಮ್ಮ ರಾಜ್ಯದ ಕೈಯಲ್ಲಿ ಅಧ್ಯಕ್ಷರನ್ನು ಆರಿಸುವ 19 ಎಲೆಕ್ಟರ್‌ಗಳಿದ್ದಾರೆ. 2016ರಲ್ಲಿ ಸುಮಾರು 44 ಸಾವಿರ ವೋಟಿನಿಂದ ಟ್ರಂಪ್ ಇಲ್ಲಿ ಗೆದ್ದರು, 2020ರಲ್ಲಿ ಸುಮಾರು 80 ಸಾವಿರದಿಂದ ಬೈಡನ್ ಗೆದ್ದರು. ಹಾಗಾಗಿ ಇಬ್ಬರೂ ನಮ್ಮ ಮನೆ ಬಾಗಿಲು ಬಿಡುತ್ತಿಲ್ಲ. ದಿನಕ್ಕೆ ನಾಲ್ಕೈದು ಚೀಟಿ ಅಂಚೆ ಡಬ್ಬದಲ್ಲಿ ಬಿದ್ದಿರುತ್ತವೆ. ಆ ಚೀಟಿ ನೋಡಿ ನಿರ್ಧಾರ ಮಾಡಲು ನನಗೆ ಇಷ್ಟವಿರಲಿಲ್ಲ. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ನೋಡೋಣ ಅಂತ ಕಾಯುತ್ತಿದ್ದೆ. ಡಿಬೇಟ್ ನಡೆದದ್ದೂ ನಮ್ಮ ಮನೆಯಿಂದ 30 ಮೈಲಿ ದೂರದ ಫಿಲಡೆಲ್ಫಿಯಾದಲ್ಲಿ, ಸಂವಿಧಾನ ಕೇಂದ್ರದಲ್ಲಿ.

ನನ್ನ ಕೆಲಸ ಔಷಧಿ ಅಂಗಡಿಯ ಕೌಂಟರಿನಲ್ಲಿ. ಪ್ರತಿ ವಾರ ಯಾರಾದರೂ ಒಬ್ಬರು ಔಷಧಿಯ ಬೆಲೆ ಕೇಳಿ, "ಇದೊಂದು ಬೇಡ, ವಾಪಸ್ ಇಡಿ" ಅನ್ನುತ್ತಾರೆ. ಮಗುವಿನ ಇನ್‌ಹೇಲರನ್ನೇ ವಾಪಸ್ ಇಟ್ಟು ಹೋದವರನ್ನು ನೋಡಿದ್ದೇನೆ. ಹಾಗಾಗಿ ಆರೋಗ್ಯದ ಖರ್ಚಿನ ಬಗ್ಗೆ ಇಬ್ಬರೂ ಏನು ಹೇಳುತ್ತಾರೆ ಅನ್ನುವುದೇ ನನಗೆ ಮುಖ್ಯವಾಗಿತ್ತು. 90 ನಿಮಿಷದ ಡಿಬೇಟಿನಲ್ಲಿ ಆ ಪ್ರಶ್ನೆ ಬಂದದ್ದು ಹೆಚ್ಚುಕಮ್ಮಿ ಕೊನೆಗೆ. ಒಬಾಮಾಕೇರ್ ಅನ್ನುವ ಆರೋಗ್ಯ ವಿಮೆ ಕಾನೂನಿನ ಜಾಗದಲ್ಲಿ ಏನು ತರುತ್ತೀರಿ ಅಂತ ಕೇಳಿದರೆ, ಯೋಜನೆಯ ಕಲ್ಪನೆಗಳಿವೆ ಅಂದರು ಟ್ರಂಪ್. ಒಂಬತ್ತು ವರ್ಷದಿಂದ ರಾಜಕೀಯದಲ್ಲಿರುವವರ ಬಾಯಲ್ಲಿ ಈ ಉತ್ತರ ಕೇಳಿ ನನಗೆ ನಿಜವಾಗಿ ಬೇಜಾರಾಯಿತು. ಹ್ಯಾರಿಸ್ ಇನ್ಸುಲಿನ್‌ಗೆ ತಿಂಗಳಿಗೆ 35 ಡಾಲರ್ ಮಿತಿ ಹಾಕಿದ್ದನ್ನು ಹೇಳಿದರು. ಅದು ಒಳ್ಳೆಯದೇ. ಆದರೆ ಕಾನೂನಿನಲ್ಲಿ ಆ ಮಿತಿ ಇರುವುದು ಮೆಡಿಕೇರ್ ಇರುವವರಿಗೆ, ಅಂದರೆ ಹೆಚ್ಚಾಗಿ ಅರವತ್ತೈದು ದಾಟಿದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ ಇರುವವರಿಗೆ. ನನ್ನ ಕೌಂಟರಿಗೆ ಬರುವ ನಲವತ್ತರ ಹೆಂಗಸಿಗೆ ಅದು ಅನ್ವಯಿಸುವುದಿಲ್ಲ. ಅವಳ ಗತಿ ಏನು ಅಂತ ಇಬ್ಬರೂ ಹೇಳಲಿಲ್ಲ.

ಇಷ್ಟಿದ್ದೂ ಡಿಬೇಟ್ ಮುಗಿದ ಕೂಡಲೇ "ಹ್ಯಾರಿಸ್ ಗೆದ್ದರು" ಅಂತ ನನ್ನ ಬಾಯಿಂದ ಬಂತು. ಯಜಮಾನರು, "ಯಾವ ಮಾತಿಗೆ ಗೆದ್ದರು ಹೇಳು" ಅಂದರು. ತಡವರಿಸಿದೆ. ನನಗೆ ನೆನಪಿದ್ದದ್ದು ಮುಖಗಳು ಮಾತ್ರ. ಶುರುವಿನಲ್ಲಿ ಹ್ಯಾರಿಸ್ ತಾವೇ ನಡೆದು ಹೋಗಿ, ಹೆಸರು ಹೇಳಿ ಕೈ ಕುಲುಕಿದ್ದು. ಟ್ರಂಪ್ ಮಾತಾಡುವಾಗ ಗಲ್ಲಕ್ಕೆ ಕೈಯಿಟ್ಟು, ಹುಬ್ಬು ಏರಿಸಿ ನೋಡಿದ್ದು. ಟ್ರಂಪ್ ಹೆಚ್ಚಿನ ಹೊತ್ತು ಆ ಕಡೆ ತಿರುಗದೆ ಇದ್ದದ್ದು.

ಅಮ್ಮ ಜುಲೈನಲ್ಲಿ ಊರಿಂದ ಬಂದಿದ್ದಾರೆ. ಅವರೂ ಪಕ್ಕದಲ್ಲಿ ಕೂತು ಪೂರ್ತಿ ನೋಡಿದರು. ಇಂಗ್ಲಿಷ್ ಬರುವುದಿಲ್ಲ. ಹೇಗನಿಸಿತು ಅಂತ ಕೇಳಿದೆ. "ಆ ಪ್ರಶ್ನೆ ಕೇಳೋರು ಇದ್ರಲ್ಲ ಇಬ್ರು, ಅವರು ಕೇಳಿದ್ದನ್ನೇ ತಿರುಗಿ ತಿರುಗಿ ಕೇಳ್ತಿದ್ರು. ಉತ್ತರ ಸಿಕ್ಕಿದ್ರೆ ಯಾರಾದ್ರೂ ಮತ್ತೆ ಕೇಳ್ತಾರಾ?" ಅಂದರು.

ಭಾಷೆ ಬರದ ಅಮ್ಮ ಇದನ್ನು ಕಂಡುಕೊಂಡರು. ಭಾಷೆ ಬರುವ ನಾನು ಹುಬ್ಬು ನೋಡುತ್ತ ಕೂತಿದ್ದೆ. ರಾತ್ರಿಯಿಡೀ ಕೊರೆದದ್ದು ಇದೇ. ನೀವೆಲ್ಲ ಹೇಗೆ ನೋಡಿದಿರಿ? ಪಕ್ಷದ ಜಗಳ ಬೇಡ. ನಿಮಗೆ ಏನನಿಸಿತು ಅಂತ ಮಾತ್ರ ಹೇಳಿ.

ಕಲ್ಲಿನ ವ್ಯಾಪಾರಿ, ಅಟ್ಲಾಂಟಾ · ಸೆಪ್ಟೆಂಬರ್ 11

ಅಕ್ಕ, ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಟ್ರಂಪ್‌ಗೆ. ಆದರೂ ನೀವು ಬರೆದದ್ದು ಓದಿ ಉತ್ತರಿಸಬೇಕು ಅನಿಸಿತು.

ಮುಖ ನೋಡಿ ಅಳೆಯುವುದು ತಪ್ಪು ಅಂತ ನನಗೆ ಅನಿಸುವುದಿಲ್ಲ. ಜೂನ್ 27ಕ್ಕೆ ನಮ್ಮ ಅಟ್ಲಾಂಟಾದಲ್ಲೇ ಬೈಡನ್ ಮತ್ತು ಟ್ರಂಪ್ ಡಿಬೇಟ್ ನಡೆಯಿತು. ಬೈಡನ್ ಅವರ ಗಂಟಲು ಕಟ್ಟಿತ್ತು. ಬಾಯಿ ಅರ್ಧ ತೆರೆದು ಎಲ್ಲೋ ನೋಡುತ್ತಿದ್ದರು. ಒಂದು ಉತ್ತರದ ನಡುವೆ ಮಾತು ತಪ್ಪಿ, ಮೆಡಿಕೇರನ್ನು ಸೋಲಿಸಿದೆವು ಅಂದುಬಿಟ್ಟರು. ಆ ಮಾತುಗಳನ್ನು ಪೇಪರಿನಲ್ಲಿ ಓದಿದ್ದರೆ ಬಾಯಿ ತಪ್ಪಿ ಬಂದದ್ದು ಅಂತ ಬಿಡಬಹುದಿತ್ತು. ಮುಖ ನೋಡಿದ್ದಕ್ಕೇ ದೇಶಕ್ಕೆ ಗೊತ್ತಾಯಿತು. ಜುಲೈ 21ಕ್ಕೆ ಅವರು ಕಣದಿಂದ ಹಿಂದೆ ಸರಿದರು. ಎಷ್ಟೋ ತಿಂಗಳಿಂದ ಸುತ್ತಲಿನವರು ಮುಚ್ಚಿಟ್ಟದ್ದನ್ನು 90 ನಿಮಿಷದ ಟಿವಿ ತೋರಿಸಿತು ಅಂತ ನಾನು ನಂಬುತ್ತೇನೆ.

ನಿನ್ನೆಯ ಡಿಬೇಟ್ ಬಗ್ಗೆ ನನ್ನ ದೂರು ಬೇರೆ. ಪ್ರಶ್ನೆ ಕೇಳುತ್ತಿದ್ದ ಡೇವಿಡ್ ಮ್ಯೂರ್ ಮತ್ತು ಲಿನ್ಸಿ ಡೇವಿಸ್ ಇಬ್ಬರೂ ಟ್ರಂಪ್ ಅವರನ್ನು ತಿದ್ದಿದರು. ಹ್ಯಾರಿಸ್ ಅವರನ್ನು ಆ ಥರ ತಿದ್ದಿದ್ದು ನಾನು ನೋಡಲಿಲ್ಲ. ಅಂಪೈರ್ ಒಂದೇ ಕಡೆಗೆ ನೋ ಬಾಲ್ ಕೊಟ್ಟರೆ ಆಟ ನೋಡುವವನಿಗೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ಇನ್ನೊಂದು ಮಾತು. ನಾನು ಇಳಕಲ್ ಕಡೆಯಿಂದ ಗ್ರಾನೈಟ್ ತರಿಸುತ್ತೇನೆ. ಸುಂಕವನ್ನು ಹೊರದೇಶದವರು ಕಟ್ಟುತ್ತಾರೆ ಅಂತ ಟ್ರಂಪ್ ಹೇಳಿದರು. ಅದು ಸರಿಯಲ್ಲ. ಸವಾನಾ ಬಂದರಿನಲ್ಲಿ ಕಂಟೇನರ್ ಇಳಿದಾಗ ಕಸ್ಟಮ್ಸ್‌ಗೆ ದುಡ್ಡು ಕಟ್ಟುವವನು ನಾನು, ಇಳಕಲ್‌ನವರಲ್ಲ. ಎಲ್ಲ ಸಾಮಾನಿಗೂ ಸೇಕಡಾ 10 ಇಲ್ಲವೇ 20 ಸುಂಕ ಬಂದರೆ ನಾನು ಅದನ್ನು ಅಡುಗೆಮನೆ ಕಟ್ಟಿಸುವವರ ಬಿಲ್ಲಿಗೆ ಸೇರಿಸಲೇಬೇಕು. ಇದು ಗೊತ್ತಿದ್ದೂ ಅವರಿಗೇ ವೋಟು ಹಾಕುತ್ತೇನೆ. ಯಾಕೆಂದರೆ 2022ರ ಜೂನ್‌ನಲ್ಲಿ ಬೆಲೆ ಏರಿಕೆ ಸೇಕಡಾ 9.1 ಮುಟ್ಟಿತ್ತು. ಆಮೇಲೆ ಬಡ್ಡಿ ಏರಿತು. ಮನೆ ಕಟ್ಟುವವರು ಕೆಲಸ ನಿಲ್ಲಿಸಿದರು. ಆ ಎರಡು ವರ್ಷ ನನ್ನ ಹತ್ತಿರ ಕೆಲಸ ಮಾಡುವ ಆರು ಜನಕ್ಕೆ ಸಂಬಳ ಕೊಡಲು ನಾನು ಪಟ್ಟ ಪಾಡು ನನಗೇ ಗೊತ್ತು. ಟ್ರಂಪ್ ಹಾಕಿದ್ದ ಚೀನಾ ಸುಂಕವನ್ನು ಬೈಡನ್ ಸರ್ಕಾರವೂ ತೆಗೆಯಲಿಲ್ಲ. ನಿನ್ನೆ ಟ್ರಂಪ್ ಅದನ್ನು ಹೇಳಿದಾಗ ಹ್ಯಾರಿಸ್ ಹತ್ತಿರ ಸರಿಯಾದ ಉತ್ತರ ಇರಲಿಲ್ಲ.

ತುಂಗಾ ತೀರ, ನ್ಯೂಜೆರ್ಸಿ · ಸೆಪ್ಟೆಂಬರ್ 11

ಅಣ್ಣಾ, ನೀವು ಸುಂಕದ ವಿಷಯ ಒಪ್ಪಿಕೊಂಡದ್ದು ಓದಿ ಗೌರವ ಹೆಚ್ಚಾಯಿತು. ಆದರೆ ಅಂಪೈರ್ ಮಾತು ನಾನು ಒಪ್ಪುವುದಿಲ್ಲ.

ನಾನು ಹೆರಿಗೆ ವಾರ್ಡಿನ ನರ್ಸ್. ಹದಿನಾರು ವರ್ಷವಾಯಿತು. ಗರ್ಭಪಾತದ ವಿಷಯ ಬಂದು, ಹುಟ್ಟಿದ ಮೇಲೂ ಮಗುವನ್ನು ಕೊಲ್ಲುತ್ತಾರೆ ಎನ್ನುವ ಅರ್ಥ ಬರುವ ಮಾತನ್ನು ಟ್ರಂಪ್ ಆಡಿದಾಗ ನಾನು ಸೋಫಾದಿಂದ ಎದ್ದು ನಿಂತೆ. ಹುಟ್ಟಿದ ಮಗುವನ್ನು ಕೊಲ್ಲುವುದು ಈ ದೇಶದ ಯಾವ ರಾಜ್ಯದಲ್ಲೂ ಕಾನೂನುಬದ್ಧವಲ್ಲ ಅಂತ ಲಿನ್ಸಿ ಡೇವಿಸ್ ಅಲ್ಲೇ ಹೇಳಿದರು. ಹೇಳದೆ ಬಿಟ್ಟಿದ್ದರೆ? ಆರೂವರೆ ಕೋಟಿಗೂ ಜಾಸ್ತಿ ಜನ ನೋಡುತ್ತಿದ್ದರು. ಕೆಲವು ಕೂಸುಗಳು ಹುಟ್ಟಿದ ಒಂದು ಗಂಟೆಯಲ್ಲೇ ಹೋಗುತ್ತವೆ. ಆ ಒಂದು ಗಂಟೆ ತಾಯಿಯ ಎದೆಯ ಮೇಲೆ ಮಲಗಿಸುತ್ತೇವೆ. ಆ ತಾಯಂದಿರೂ ಟಿವಿ ನೋಡುತ್ತಿರುತ್ತಾರೆ. ಅಂಥ ಮಾತನ್ನು ಅಲ್ಲೇ ತಿದ್ದುವುದು ನನ್ನ ಮಟ್ಟಿಗೆ ಪಕ್ಷಪಾತವಲ್ಲ.

ನನ್ನ ವೋಟು ಹ್ಯಾರಿಸ್‌ಗೆ. 2022ರ ಜೂನ್ 24ಕ್ಕೆ ಸುಪ್ರೀಂ ಕೋರ್ಟು ಗರ್ಭಪಾತದ ಹಕ್ಕನ್ನು ರಾಜ್ಯಗಳಿಗೆ ಬಿಟ್ಟ ದಿನವೇ ಅದು ನಿರ್ಧಾರವಾಗಿತ್ತು.

ಮೈಸೂರಿನಿಂದ · ಸೆಪ್ಟೆಂಬರ್ 12

ನಾನು ವೋಟು ಇರುವವನಲ್ಲ, ಆದರೂ ಬುಧವಾರ ಬೆಳಿಗ್ಗೆ ಆರೂವರೆಗೆ ಕಾಫಿ ಹಿಡಿದು ಕೂತು ಪೂರ್ತಿ ನೋಡಿದೆ. ಸಭಿಕರಿಲ್ಲ, ಚಪ್ಪಾಳೆ ಇಲ್ಲ, ಕೈಯಲ್ಲಿ ಬರೆದುಕೊಂಡು ಬಂದ ಚೀಟಿ ಇಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರ ಮೈಕು ಬಂದ್ ಎನ್ನುವ ನಿಯಮ. ನಮ್ಮಲ್ಲಿ ಇಂಥದ್ದು ಒಂದು ಸಲವಾದರೂ ಆಗಬೇಕು ಅಂತ ಆಸೆಯಾಯಿತು. ಈ ವರ್ಷ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಮದನ್ ಲೋಕೂರ್, ನ್ಯಾಯಮೂರ್ತಿ ಎ.ಪಿ. ಶಾ ಮತ್ತು ಪತ್ರಕರ್ತ ಎನ್. ರಾಮ್ ಸೇರಿ ಮೋದಿ ಮತ್ತು ರಾಹುಲ್ ಗಾಂಧಿ ಇಬ್ಬರಿಗೂ ಪತ್ರ ಬರೆದು, ಒಂದೇ ವೇದಿಕೆಗೆ ಬನ್ನಿ ಅಂತ ಕರೆದಿದ್ದರು. ರಾಹುಲ್ ಒಪ್ಪಿದರು. ಆದರೆ ಡಿಬೇಟ್ ನಡೆಯಲಿಲ್ಲ. ನಮ್ಮದು ಸಂಸದರನ್ನು ಆರಿಸುವ ಪದ್ಧತಿ, ಇದು ಬೇಕಿಲ್ಲ ಅನ್ನುವವರಿದ್ದಾರೆ. ಆದರೆ ಬ್ರಿಟನ್ನಿನದೂ ಅದೇ ಪದ್ಧತಿ, ಅಲ್ಲಿ 2010ರಿಂದ ನಾಯಕರ ಟಿವಿ ಡಿಬೇಟ್ ನಡೆಯುತ್ತಿದೆ.

ಅಕ್ಕ, ನಿಮ್ಮ ಅಮ್ಮನ ಮಾತಿಗೆ ಒಂದು ಹಳೆಯ ಉದಾಹರಣೆ ಇದೆ. 1960ರಲ್ಲಿ ಕೆನಡಿ ಮತ್ತು ನಿಕ್ಸನ್ ಡಿಬೇಟನ್ನು ಟಿವಿಯಲ್ಲಿ ನೋಡಿದವರು ಕೆನಡಿ ಗೆದ್ದರು ಅಂದರಂತೆ. ರೇಡಿಯೋದಲ್ಲಿ ಕೇಳಿದವರು ನಿಕ್ಸನ್ ಗೆದ್ದರು ಅಂದರಂತೆ. ಮುಖ ಒಂದು ಹೇಳುತ್ತದೆ, ಮಾತು ಇನ್ನೊಂದು ಹೇಳುತ್ತದೆ.

ಹಿರಿಯ, ಪಿಟ್ಸ್‌ಬರ್ಗ್ · ಸೆಪ್ಟೆಂಬರ್ 12

ಮೈಸೂರಿನ ತಮ್ಮನಿಗೆ ಒಂದು ಸಣ್ಣ ತಿದ್ದುಪಡಿ. ರೇಡಿಯೋ ಕೇಳಿದವರ ಕಥೆ ಎಲ್ಲ ಕಡೆ ಓಡಾಡುತ್ತದೆ, ಆದರೆ ಅದರ ಬುಡ ತೆಳು. ಒಂದೇ ಒಂದು ಸಮೀಕ್ಷೆ ಅದು. ಅದರಲ್ಲಿ ರೇಡಿಯೋ ಕೇಳಿದ್ದವರು ಕೆಲವೇ ನೂರು ಜನ. ಅವರಲ್ಲಿ ಮೊದಲೇ ನಿಕ್ಸನ್ ಕಡೆ ಇದ್ದವರು ಎಷ್ಟು ಅಂತ ಯಾರೂ ಸರಿಯಾಗಿ ನೋಡಿಲ್ಲ. ನಿಕ್ಸನ್ ಮೊಣಕಾಲಿನ ಸೋಂಕಿನಿಂದ ಆಸ್ಪತ್ರೆಯಲ್ಲಿದ್ದು, ತೂಕ ಇಳಿದು, ಬಿಳಿಚಿಕೊಂಡು ಬಂದಿದ್ದರು ಅನ್ನುವುದು ಮಾತ್ರ ನಿಜ. ಆಮೇಲೆ 16 ವರ್ಷ ಅಧ್ಯಕ್ಷರ ಡಿಬೇಟೇ ನಡೆಯಲಿಲ್ಲ.

ನಾನು ಓದಲು ಈ ದೇಶಕ್ಕೆ ಬಂದದ್ದು 1974ರಲ್ಲಿ. 1976ರ ಸೆಪ್ಟೆಂಬರ್ 23ಕ್ಕೆ ಫೋರ್ಡ್ ಮತ್ತು ಕಾರ್ಟರ್ ಡಿಬೇಟ್. ಅದೂ ಫಿಲಡೆಲ್ಫಿಯಾದಲ್ಲೇ, ವಾಲ್‌ನಟ್ ಸ್ಟ್ರೀಟ್ ಥಿಯೇಟರಿನಲ್ಲಿ. ಮೊನ್ನೆ ನಡೆದ ಜಾಗದಿಂದ ಅಲ್ಲಿಗೆ ನಡೆದೇ ಹೋಗಬಹುದು. ನಾಲ್ಕು ಜನ ವಿದ್ಯಾರ್ಥಿಗಳು ಬಾಡಿಗೆ ಮನೆಯಲ್ಲಿ ಒಂದು ಚಿಕ್ಕ ಕಪ್ಪು ಬಿಳುಪು ಟಿವಿ ಮುಂದೆ ಕೂತಿದ್ದೆವು. ಮುಗಿಯಲು ಇನ್ನು ಸ್ವಲ್ಪ ಹೊತ್ತಿದೆ ಅನ್ನುವಾಗ ಧ್ವನಿ ನಿಂತಿತು. ನಮ್ಮ ಟಿವಿಯೇ ಕೆಟ್ಟಿತು ಅಂತ ಗೆಳೆಯ ಅದರ ತಲೆಗೆ ಬಡಿದ. ಕೆಟ್ಟದ್ದು ಅಲ್ಲಿಯ ಧ್ವನಿ ಯಂತ್ರ. ಸರಿಪಡಿಸಲು 27 ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಆ ಇಬ್ಬರು ತಮ್ಮ ತಮ್ಮ ಜಾಗ ಬಿಟ್ಟು ಕದಲಲಿಲ್ಲ. ಒಬ್ಬರ ಹತ್ತಿರ ಒಬ್ಬರು ಒಂದು ಮಾತೂ ಆಡಲಿಲ್ಲ. ಒಬ್ಬರು ದೇಶದ ಅಧ್ಯಕ್ಷರು, ಇನ್ನೊಬ್ಬರು ಆಗಲಿರುವವರು. ಕೂರುವ ಧೈರ್ಯವೂ ಇಬ್ಬರಿಗೂ ಬರಲಿಲ್ಲ. ಟಿವಿ ಅನ್ನುವುದು ಎಷ್ಟು ದೊಡ್ಡ ಯಜಮಾನ ಅಂತ ಆ ರಾತ್ರಿ ನನಗೆ ಗೊತ್ತಾಯಿತು.

ಅದೇ ವರ್ಷ ಅಕ್ಟೋಬರ್ 6ಕ್ಕೆ ಎರಡನೆಯ ಡಿಬೇಟಿನಲ್ಲಿ, ಪೂರ್ವ ಯುರೋಪಿನ ಮೇಲೆ ಸೋವಿಯತ್ ಹಿಡಿತ ಇಲ್ಲ ಅಂದುಬಿಟ್ಟರು ಫೋರ್ಡ್. ನಮ್ಮ ಮನೆಯೊಡತಿ ಪೋಲಿಷ್ ಅಜ್ಜಿ. ಅವರ ಅಣ್ಣ ಇನ್ನೂ ಪೋಲೆಂಡಿನ ಕ್ರಾಕೋವ್‌ನಲ್ಲಿದ್ದರು. ಮರುದಿನ ಬಾಡಿಗೆ ಕೊಡಲು ಹೋದಾಗ ಅಜ್ಜಿ ಕಣ್ಣಲ್ಲಿ ನೀರು. ಅಷ್ಟು ವರ್ಷ ರಿಪಬ್ಲಿಕನ್ ಪಕ್ಷಕ್ಕೇ ವೋಟು ಹಾಕಿದವರು ಅವರು. ಹಾಗಾಗಿ ಮೊನ್ನೆ ಉಕ್ರೇನ್ ವಿಷಯ ಬಂದಾಗ ಹ್ಯಾರಿಸ್ ಪೆನ್ಸಿಲ್ವೇನಿಯಾದ 8 ಲಕ್ಷ ಪೋಲಿಷ್ ಅಮೆರಿಕನ್ನರ ಹೆಸರು ಎತ್ತಿದ್ದು ಬೇರೆಯವರಿಗೆ ಸುಮ್ನೆ ಒಂದು ಮಾತು. ನನಗೆ ಆ ಅಜ್ಜಿ ಕಣ್ಣ ಮುಂದೆ ಬಂದರು. ಅದೇ ವಿಷಯದಲ್ಲಿ ಟ್ರಂಪ್ ಅವರನ್ನು ನೇರವಾಗಿ ಕೇಳಿದರು, ಉಕ್ರೇನ್ ಗೆಲ್ಲಬೇಕು ಅಂತ ಬಯಸುತ್ತೀರಾ ಅಂತ. ಯುದ್ಧ ನಿಲ್ಲಬೇಕು ಅಂದರು. ಯುದ್ಧ ಯಾರಿಗೂ ಬೇಡ, ಆದರೆ ಕೇಳಿದ್ದು ಅದಲ್ಲ. ನಿನ್ನ ತಾಯಿ ಹೇಳಿದ್ದು ನೂರಕ್ಕೆ ನೂರು ಸರಿ, ತಂಗಿ.

ಡೇಟನ್ ಹತ್ತಿರ, ಓಹಿಯೋ · ಸೆಪ್ಟೆಂಬರ್ 13

ಇಲ್ಲಿ ಬರೆಯುವುದೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಮ್ಮ ಮನೆಯಿಂದ ಸ್ಪ್ರಿಂಗ್‌ಫೀಲ್ಡ್ ಅರ್ಧ ಗಂಟೆ ದಾರಿ. ವಲಸೆ ಬಂದವರು ಊರಿನವರು ಸಾಕಿದ ನಾಯಿ ತಿನ್ನುತ್ತಾರೆ, ಬೆಕ್ಕು ತಿನ್ನುತ್ತಾರೆ ಅಂತ ಟ್ರಂಪ್ ಹೇಳಿದ ಊರು ಅದೇ. ಅಂಥ ನಂಬುವಂಥ ದೂರು ಯಾವುದೂ ಬಂದಿಲ್ಲ ಅಂತ ಊರಿನ ಆಡಳಿತದವರೇ ತಿಳಿಸಿದ್ದಾರೆ ಎಂದು ಮ್ಯೂರ್ ಅಲ್ಲೇ ಹೇಳಿದರು. ಆದರೂ ಮಾತು ಊರು ಬಿಟ್ಟು ಓಡಿಯಾಗಿತ್ತು. ನಿನ್ನೆ ಬಾಂಬ್ ಬೆದರಿಕೆ ಬಂತು. ಸಿಟಿ ಹಾಲ್ ಖಾಲಿ ಮಾಡಿಸಿದರು. ಶಾಲೆಯಿಂದ ಮಕ್ಕಳನ್ನು ಹೊರಗೆ ಕಳಿಸಿದರು.

ಸುಮಾರು 60 ಸಾವಿರ ಜನರ ಊರಿಗೆ ಕೆಲವೇ ವರ್ಷದಲ್ಲಿ ಹೈಟಿ ದೇಶದಿಂದ ಸಾವಿರಾರು ಜನ ಬಂದರು. ಹೆಚ್ಚಿನವರು ಕಾನೂನು ಪ್ರಕಾರವೇ ಇದ್ದಾರೆ. ಕಾರ್ಖಾನೆ, ಗೋದಾಮುಗಳಲ್ಲಿ ದುಡಿಯುತ್ತಾರೆ. ಆಸ್ಪತ್ರೆಯಲ್ಲಿ ಸಾಲು ಉದ್ದವಾಗಿದೆ, ಬಾಡಿಗೆ ಏರಿದೆ, ಶಾಲೆಯಲ್ಲಿ ಅವರ ಭಾಷೆ ಬರುವ ಟೀಚರ್ ಸಾಲದು. ಈ ಕಷ್ಟಗಳು ನಿಜ. ಹಳಬರ ಸಿಟ್ಟನ್ನು ನಾನು ಸುಳ್ಳು ಅನ್ನುವುದಿಲ್ಲ. ಆದರೆ ಡಿಬೇಟಿನಲ್ಲಿ ಆಸ್ಪತ್ರೆ, ಬಾಡಿಗೆ, ಟೀಚರ್ ವಿಷಯ ಬರಲೇ ಇಲ್ಲ. ನಾಯಿ ಬೆಕ್ಕು ಮಾತ್ರ ಬಂತು.

ಹೋದ ವರ್ಷ ಅಲ್ಲಿ ಶಾಲೆಯ ಬಸ್ಸಿಗೆ ಹೈಟಿಯ ಒಬ್ಬರು ಓಡಿಸುತ್ತಿದ್ದ ಗಾಡಿ ಡಿಕ್ಕಿಯಾಗಿ 11 ವರ್ಷದ ಹುಡುಗನೊಬ್ಬ ತೀರಿಕೊಂಡ. ಡಿಬೇಟ್ ನಡೆದ ದಿನವೇ ಅವನ ತಂದೆ ಊರ ಸಭೆಯಲ್ಲಿ ನಿಂತು, ನನ್ನ ಮಗನ ಸಾವನ್ನು ರಾಜಕೀಯಕ್ಕೆ ಬಳಸಬೇಡಿ ಅಂತ ಬೇಡಿಕೊಂಡರು. ಅದಾದ ಕೆಲವೇ ಗಂಟೆಗೆ ಊರಿನ ಹೆಸರು ಟಿವಿಯಲ್ಲಿ ಹಾಗೆ ಬಂತು. ನಮ್ಮ ಮಗಳು ಆರನೇ ಕ್ಲಾಸು. ಅವಳ ಬಣ್ಣ ನೋಡಿ ಒಬ್ಬ ಹುಡುಗ, "ನೀವೂ ಬೆಕ್ಕು ತಿಂತೀರಾ" ಅಂತ ಕೇಳಿದನಂತೆ. ಊಟ ಬಿಟ್ಟು ಕೂತಿದ್ದಾಳೆ. ನನಗೆ ಡಿಬೇಟಿನ ನೆನಪು ಅಂದರೆ ಇದು.

ಕಲ್ಲಿನ ವ್ಯಾಪಾರಿ, ಅಟ್ಲಾಂಟಾ · ಸೆಪ್ಟೆಂಬರ್ 13

ತಂಗಿ, ಮಗಳ ವಿಷಯ ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ಆ ಮಾತನ್ನು ಟ್ರಂಪ್ ಆಡಬಾರದಿತ್ತು. ನನ್ನ ವೋಟು ಬದಲಾಗಿಲ್ಲ, ಆದರೆ ಇದು ತಪ್ಪು ಅಂತ ಹೇಳದೆ ಇರಲಾರೆ. ಮಗಳಿಗೆ ಈ ಮಾವ ಕೇಳಿದ ಅಂತ ಹೇಳು.

ಸಾಗರದಾಕೆ, ಎಕ್ಸ್‌ಟನ್ · ಸೆಪ್ಟೆಂಬರ್ 15

ಎಲ್ಲರ ಮಾತನ್ನೂ ಓದಿದೆ. ಓಹಿಯೋ ತಂಗಿ, ನಿನ್ನ ಮಗಳು ಈಗ ಹೇಗಿದ್ದಾಳೆ? ತಿಳಿಸು.

ಅಟ್ಲಾಂಟಾ ಅಣ್ಣ ಹೇಳಿದ್ದು ನನ್ನನ್ನು ಯೋಚನೆಗೆ ಹಚ್ಚಿತು. ಮುಖವೂ ಸತ್ಯ ಹೇಳಬಲ್ಲದು, ನಿಜ. ಆದರೆ ಮುಖ ಹೇಳುವುದು ಮನುಷ್ಯ ಹೇಗಿದ್ದಾನೆ ಅನ್ನುವುದನ್ನು. ಏನು ಮಾಡುತ್ತಾನೆ ಅನ್ನುವುದಕ್ಕೆ ಮಾತೇ ಬೇಕು. ಹಾಗಾಗಿ ಶನಿವಾರ ಒಂದು ಕೆಲಸ ಮಾಡಿದೆ. ಡಿಬೇಟಿನ ಮಾತುಗಳನ್ನು ಪೂರ್ತಿ ಬರಹದಲ್ಲಿ ಹಾಕಿದ್ದಾರಲ್ಲ, ಅದನ್ನು ಪ್ರಿಂಟ್ ತೆಗೆದು ಅಡುಗೆಮನೆ ಟೇಬಲ್ಲಿನ ಮೇಲೆ ಹರಡಿದೆ. ಪ್ರಶ್ನೆಗಳಿಗೆ ಕೆಂಪು ಗೆರೆ. ಆ ಪ್ರಶ್ನೆಗೇ ಕೊಟ್ಟ ಉತ್ತರಕ್ಕೆ ಹಸಿರು ಗೆರೆ. ಅಮ್ಮ ಪಕ್ಕದಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದರು. ನಾನು ಒಂದೊಂದೇ ಕನ್ನಡದಲ್ಲಿ ಹೇಳುತ್ತ ಹೋದೆ.

ಮೊದಲ ಪ್ರಶ್ನೆ ಹ್ಯಾರಿಸ್‌ಗೆ. ನಾಲ್ಕು ವರ್ಷದ ಹಿಂದಿಗಿಂತ ಜನ ಈಗ ಚೆನ್ನಾಗಿದ್ದಾರಾ? ಹೌದು ಅನ್ನಬಹುದಿತ್ತು, ಇಲ್ಲ ಅನ್ನಬಹುದಿತ್ತು. ಕಷ್ಟ ಇದೆ, ಇಂಥ ಕಾರಣಕ್ಕೆ ಅನ್ನಬಹುದಿತ್ತು. ನಾನು ಮಧ್ಯಮ ವರ್ಗದಲ್ಲಿ ಬೆಳೆದೆ ಅಂತ ಶುರು ಮಾಡಿದರು. ಮಗು ಹುಟ್ಟಿದ ಮೊದಲ ವರ್ಷ 6,000 ಡಾಲರ್ ತೆರಿಗೆ ರಿಯಾಯಿತಿ, ಹೊಸ ಸಣ್ಣ ವ್ಯಾಪಾರಕ್ಕೆ 50,000 ಡಾಲರ್ ವರೆಗೆ ತೆರಿಗೆ ಕಡಿತ ಅಂದರು. ಒಳ್ಳೆಯ ಮಾತುಗಳೇ. ಆದರೆ ಹಸಿರು ಗೆರೆ ಎಳೆಯಲು ನನಗೆ ಜಾಗ ಸಿಗಲಿಲ್ಲ.

ನನ್ನ ಮನಸ್ಸಿಗೆ ಜಾಸ್ತಿ ನಾಟಿದ್ದು ಗಡಿಯ ವಿಷಯ. ಗಡಿ ಬಿಗಿ ಮಾಡಲು ಚುನಾವಣೆಗೆ ಆರು ತಿಂಗಳು ಇರುವ ತನಕ ಯಾಕೆ ಕಾದಿರಿ, ಬೈಡನ್‌ಗಿಂತ ಬೇರೆ ಥರ ಏನಾದರೂ ಮಾಡುತ್ತಿದ್ದಿರಾ ಅಂತ ಮ್ಯೂರ್ ಹ್ಯಾರಿಸ್ ಅವರನ್ನು ಕೇಳಿದರು. ಅವರು ತಾವು ವಕೀಲರಾಗಿ ಮಾಡಿದ್ದನ್ನು ಹೇಳಿದರು, ಗಡಿಗೆ 1,500 ಸಿಬ್ಬಂದಿ ಕೊಡುವ ಮಸೂದೆಯನ್ನು ಟ್ರಂಪ್ ಬೀಳಿಸಿದರು ಅಂದರು. ಕೊನೆಗೆ, ಟ್ರಂಪ್ ಅವರ ಸಭೆಗೆ ಹೋಗಿ ನೋಡಿ, ಜನ ಬೇಜಾರಾಗಿ ಮೊದಲೇ ಎದ್ದು ಹೋಗುತ್ತಾರೆ ಅಂದರು. ಕೂಡಲೇ ಮ್ಯೂರ್ ಟ್ರಂಪ್ ಅವರನ್ನು ಕೇಳಿದರು: ಆ ಮಸೂದೆಯನ್ನು ಯಾಕೆ ಬೀಳಿಸಿದಿರಿ? ಟ್ರಂಪ್ ಮೊದಲು ಸಭೆಗಳ ವಿಷಯಕ್ಕೆ ಉತ್ತರ ಕೊಡುತ್ತೇನೆ ಅಂದರು. ನಮ್ಮ ಸಭೆಯಿಂದ ಯಾರೂ ಎದ್ದು ಹೋಗಲ್ಲ ಅಂದರು. ಅಲ್ಲಿಂದ ಸ್ಪ್ರಿಂಗ್‌ಫೀಲ್ಡಿಗೆ, ನಾಯಿ ಬೆಕ್ಕಿಗೆ ಹೋದರು.

ಟಿವಿಯಲ್ಲಿ ನೋಡುವಾಗ ಅದೇ ಜಾಗದಲ್ಲಿ ನಾನು ಜೋರಾಗಿ ನಕ್ಕಿದ್ದೆ. ಹ್ಯಾರಿಸ್ ಹೇಗೆ ಕೆಣಕಿದರು, ಅವರು ಹೇಗೆ ಸಿಕ್ಕಿಬಿದ್ದರು ಅಂತ ಚಪ್ಪಾಳೆ ಹೊಡೆದಿದ್ದೆ. ಕಾಗದದ ಮೇಲೆ ನೋಡಿದರೆ ಎರಡು ಕೆಂಪು ಗೆರೆ ಹಾಗೇ ಉಳಿದಿವೆ. ಒಬ್ಬರು ಯಾಕೆ ತಡ ಮಾಡಿದರು ಗೊತ್ತಾಗಲಿಲ್ಲ. ಇನ್ನೊಬ್ಬರು ಯಾಕೆ ಬೀಳಿಸಿದರು ಗೊತ್ತಾಗಲಿಲ್ಲ. ಆ ಎರಡು ಪ್ರಶ್ನೆಯ ಉತ್ತರ ಸಿಗದೆ ಹೋದ ಜಾಗದಲ್ಲೇ ಓಹಿಯೋದ ಒಂದು ಊರಿನ ಮೇಲೆ ಕಲ್ಲು ಬಿತ್ತು. ನಾನು ನಕ್ಕಿದ್ದೆ ಅನ್ನುವುದಕ್ಕೆ ತಂಗಿಯ ಹತ್ತಿರ ಕ್ಷಮೆ ಕೇಳುತ್ತೇನೆ.

ಇದನ್ನು ಕೇಳಿ ಅಮ್ಮ ಕೈಯಲ್ಲಿದ್ದ ಹುರುಳಿಕಾಯಿ ಕೆಳಗಿಟ್ಟರು. ಊರಲ್ಲಿ ಎಲ್ಲೇ ತಾಳಮದ್ದಳೆ ಇದ್ದರೂ ಅಮ್ಮ ತಪ್ಪಿಸುವುದಿಲ್ಲ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು, ಮದ್ದಳೆ, ಎದುರುಬದುರು ಕೂತ ಅರ್ಥಧಾರಿಗಳು. ಬರೀ ಮಾತು. "ವಾಲಿ ವಧೆ ಪ್ರಸಂಗದಲ್ಲಿ ವಾಲಿ ಕೇಳ್ತಾನಲ್ಲ, ಮರೆಯಲ್ಲಿ ನಿಂತು ಯಾಕೆ ಬಾಣ ಬಿಟ್ಟೆ ಅಂತ. ರಾಮನ ಅರ್ಥ ಹೇಳೋರು ಅದಕ್ಕೆ ಉತ್ತರ ಕೊಡಲೇಬೇಕು. ಎಂಥ ದೊಡ್ಡ ಅರ್ಥಧಾರಿ ಆದ್ರೂ ಜಾರಿಕೊಂಡು ಬೇರೆ ಕಥೆ ಹೇಳಿದ್ರೆ, ವಾಲಿ ಬಿಡಲ್ಲ. ಮತ್ತೆ ಅದೇ ಜಾಗಕ್ಕೆ ಎಳ್ಕೊಂಡು ಬರ್ತಾನೆ. ಕೂತೋರೂ ಬಿಡಲ್ಲ. ಇಲ್ಲಿ ಕೂತೋರೇ ಇರ್ಲಿಲ್ವಲ್ಲೇ" ಅಂದರು.

ಸಭಿಕರಿಲ್ಲ ಅನ್ನುವುದನ್ನು ಮೈಸೂರಿನ ತಮ್ಮ ಒಳ್ಳೆಯದು ಅಂದ. ನನಗೂ ಆ ರಾತ್ರಿ ಹಾಗೇ ಅನಿಸಿತ್ತು. ಚಪ್ಪಾಳೆಯ ಗಲಾಟೆ ಇಲ್ಲ ಅಂತ. ಈಗ ಅಷ್ಟು ಖಾತ್ರಿ ಇಲ್ಲ.

ನ್ಯಾಯವಾಗಿ ಇನ್ನೊಂದು ಹೇಳಬೇಕು. ಹಸಿರು ಗೆರೆ ಇಬ್ಬರಿಗೂ ಸಿಕ್ಕಿದೆ. ಫ್ರ್ಯಾಕಿಂಗ್, ಅಂದರೆ ನೆಲದಡಿಯ ಬಂಡೆ ಸೀಳಿ ಗ್ಯಾಸ್ ತೆಗೆಯುವುದರ ಬಗ್ಗೆ ಹ್ಯಾರಿಸ್ ನೇರವಾಗಿ, ನಿಷೇಧಿಸುವುದಿಲ್ಲ ಅಂದರು. ನಮ್ಮ ರಾಜ್ಯದ ಪಶ್ಚಿಮದಲ್ಲಿ ಎಷ್ಟೋ ಮನೆಗಳ ಅನ್ನ ಅದು. 2019ರಲ್ಲಿ ಬೇರೆ ಹೇಳಿದ್ದವರು ಯಾಕೆ ಬದಲಾದರು ಅನ್ನುವುದಕ್ಕೆ ಅವರ ವಿವರಣೆ ನನಗೆ ಸಾಲಲಿಲ್ಲ, ಆದರೆ ಮುಂದೆ ಏನು ಮಾಡುತ್ತಾರೆ ಅನ್ನುವುದು ಗೊತ್ತಾಯಿತು. ಟ್ರಂಪ್ ತಮ್ಮ ಕೊನೆಯ ಮಾತಿನಲ್ಲಿ, ಇಷ್ಟೆಲ್ಲ ಮಾಡುತ್ತೇನೆ ಅನ್ನುವವರು ಮೂರೂವರೆ ವರ್ಷದಲ್ಲಿ ಯಾಕೆ ಮಾಡಲಿಲ್ಲ ಅಂತ ಕೇಳಿದರು. ಅದು ಸರಿಯಾದ ಪ್ರಶ್ನೆ. ಅಲ್ಲಿಗೆ ಡಿಬೇಟ್ ಮುಗಿಯಿತು, ಉತ್ತರ ಹೇಳಲು ಹ್ಯಾರಿಸ್‌ಗೆ ಸರದಿಯೇ ಇರಲಿಲ್ಲ.

ನನ್ನ ವೋಟು ಯಾರಿಗೆ ಅಂತ ಕೇಳಬೇಡಿ. ಇನ್ನೂ ಒಂದೂವರೆ ತಿಂಗಳಿದೆ. ಕೆಂಪು ಗೆರೆಗಳನ್ನು ಹಿಡಿದು ಇಬ್ಬರ ಯೋಜನೆಗಳನ್ನೂ ಓದುತ್ತಿದ್ದೇನೆ.

ಹೊಸಪೇಟೆ ಹುಡುಗ, ಡಲ್ಲಾಸ್ · ಸೆಪ್ಟೆಂಬರ್ 16

ಅಕ್ಕ, ನಾನು ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ನನಗೆ ವೋಟಿಲ್ಲ. ಎಚ್-1ಬಿ ಅನ್ನುವ ಕೆಲಸದ ವೀಸಾ ಮೇಲೆ ಬಂದು ಹನ್ನೆರಡು ವರ್ಷ ಆಯಿತು. ಗ್ರೀನ್ ಕಾರ್ಡ್ ಅರ್ಜಿ 2014ರದ್ದು. ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡ್‌ಗಳಲ್ಲಿ ಒಂದು ದೇಶದಲ್ಲಿ ಹುಟ್ಟಿದವರಿಗೆ ಸೇಕಡಾ 7 ಅನ್ನುವ ಮಿತಿ ಇರುವುದರಿಂದ ಭಾರತದವರ ಸಾಲು ಮುಂದೆ ಹೋಗುವುದಿಲ್ಲ. ಈಗ 2012ರ ಅರ್ಜಿಗಳನ್ನು ನೋಡುತ್ತಿದ್ದಾರೆ. ಮಗನಿಗೆ 14. ಎರಡು ವರ್ಷದ ಕೂಸಾಗಿದ್ದಾಗ ಕರೆದುಕೊಂಡು ಬಂದದ್ದು. 21 ತುಂಬಿದ ದಿನ ಅವನು ನಮ್ಮ ವೀಸಾದಿಂದ ಹೊರಗೆ. ಆಮೇಲೆ ತನ್ನದೇ ವೀಸಾ ಹುಡುಕಿಕೊಳ್ಳಬೇಕು, ಇಲ್ಲವೇ ಹೊರಡಬೇಕು. ಅವನಿಗೆ ಗೊತ್ತಿರುವ ಊರು ಡಲ್ಲಾಸ್ ಒಂದೇ. ಹೊಸಪೇಟೆಗೆ ಹೋದರೆ ತಾತನ ಮನೆ ದಾರಿಯೂ ಗೊತ್ತಿಲ್ಲ.

ಡಿಬೇಟಿನಲ್ಲಿ ವಲಸೆ ಅನ್ನುವ ಮಾತು ಬಂದಾಗಲೆಲ್ಲ ನಾನು ಟಿವಿ ಶಬ್ದ ಜಾಸ್ತಿ ಮಾಡುತ್ತಿದ್ದೆ. ಪ್ರತಿ ಸಲವೂ ಗಡಿಯ ವಿಷಯವೇ ಬಂತು. ನಾನು ಎಲ್ಲೋ ತಪ್ಪಿಸಿಕೊಂಡೆನೇನೋ. ನೀವು ಪೂರ್ತಿ ಓದಿದ್ದೀರಲ್ಲ, ನಮ್ಮ ಸಾಲಿನ ಬಗ್ಗೆ ಎಲ್ಲಾದರೂ ಒಂದು ಮಾತು ಇತ್ತಾ?

ಸಾಗರದಾಕೆ, ಎಕ್ಸ್‌ಟನ್ · ಸೆಪ್ಟೆಂಬರ್ 16

ತಮ್ಮಾ, ನಿನ್ನ ಮಾತು ಓದಿ ಮತ್ತೆ ಪೂರ್ತಿ ಹುಡುಕಿದೆ. ಇಲ್ಲ. ನಿಮ್ಮ ಬಗ್ಗೆ ಪ್ರಶ್ನೆಯೂ ಇಲ್ಲ. ಕೆಂಪು ಗೆರೆ ಎಳೆಯಲೂ ಏನೂ ಇಲ್ಲ.

ನಿನಗೆ ವೋಟಿಲ್ಲ, ನನಗಿದೆ. ಅದೂ ಪೆನ್ಸಿಲ್ವೇನಿಯಾದ್ದು. ಎರಡೂ ಕಡೆಯ ಹುಡುಗರು ವಾರಕ್ಕೆ ಎರಡು ಸಲ ಬಾಗಿಲು ತಟ್ಟುತ್ತಾರೆ. ಇನ್ನು ಮೇಲೆ ಬಂದವರಿಗೆ ಎರಡು ಪ್ರಶ್ನೆ ಬರೆದ ಕಾಗದ ಕೊಡುತ್ತೇನೆ, ಉತ್ತರ ತಂದುಕೊಡಿ ಅನ್ನುತ್ತೇನೆ. ನಮ್ಮ ಸಂಸದರ ಕಚೇರಿಗೂ ಅದನ್ನೇ ಕಳಿಸುತ್ತೇನೆ. ಬರೆದಿದ್ದೇನೆ, ನೋಡು:

"ಒಂದು: ಮೆಡಿಕೇರ್ ಇಲ್ಲದ, ಅರವತ್ತೈದು ತುಂಬದ ಜನರ ಇನ್ಸುಲಿನ್ ಮತ್ತು ಇನ್‌ಹೇಲರ್ ಬೆಲೆಗೆ ಏನು ಮಾಡುತ್ತೀರಿ? ಎರಡು: ಕಾನೂನು ಪ್ರಕಾರ ತಂದೆತಾಯಿಯ ಜೊತೆ ಬಂದು ಇಲ್ಲೇ ಬೆಳೆದ ಮಕ್ಕಳು 21 ತುಂಬಿದಾಗ ಎಲ್ಲಿಗೆ ಹೋಗಬೇಕು?"

ತಪ್ಪಿದ್ದರೆ ತಿದ್ದು. ನಾಳೆ ಪ್ರಿಂಟ್ ತೆಗೆಯುತ್ತೇನೆ.

ಹೊಸಪೇಟೆ ಹುಡುಗ, ಡಲ್ಲಾಸ್ · ಸೆಪ್ಟೆಂಬರ್ 16

ಅಕ್ಕ, ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಮಗನಿಗೆ ಓದಿ ಹೇಳಿದೆ.

ಒಂದೇ ಒಂದು ಸೇರಿಸಿ. "ತಂದೆತಾಯಿಯ ಅರ್ಜಿ ಇನ್ನೂ ಸಾಲಿನಲ್ಲಿರುವಾಗ" ಅಂತ. ಅದಿಲ್ಲದಿದ್ದರೆ, ಅರ್ಜಿ ಹಾಕಲಿ ಬಿಡಿ ಅನ್ನುತ್ತಾರೆ.

ಕಲ್ಲಿನ ವ್ಯಾಪಾರಿ, ಅಟ್ಲಾಂಟಾ · ಸೆಪ್ಟೆಂಬರ್ 17

ಅಕ್ಕ, ಆ ಕಾಗದ ನನಗೂ ಕಳಿಸಿ. ಜಾರ್ಜಿಯಾದಲ್ಲೂ ಬಾಗಿಲು ತಟ್ಟುತ್ತಿದ್ದಾರೆ. ನಮ್ಮ ಪಕ್ಷದವರು ಬಂದಾಗ ಮೊದಲು ಇದನ್ನೇ ಕೊಡುತ್ತೇನೆ. ಮೂರನೆಯದಾಗಿ ಸುಂಕದ ಪ್ರಶ್ನೆ ನಾನು ಬರೆದುಕೊಳ್ಳುತ್ತೇನೆ.